ಅಬದ್ಧ ಮೇದಸ್ಸು

ಕ್ರಿ.ಶ. ೧೩೪೨ ರ ಸುಮಾರಿಗೆ ಹೊನ್ನಾವರದ ರೇವಿನಲ್ಲಿಳಿದ ಇಬ್ನ ಬತೂತನೆಂಬ ಮೊರೊಕ್ಕೊ ದೇಶದ ಯಾತ್ರಿಕನು ಅಲ್ಲಿಯ ಅರಸನಾದ ಜಮಾಲುದ್ದೀನನ ಮನೆಯ ಊಟವನ್ನು ಬಹು ವಿವರವಾಗಿ ಬಣ್ಣಿಸಿರುವನು. ತಾಮ್ರದ ಮಣೆಯ ಮೇಲೆ ತಾಮ್ರದ ಹರಿವಾಣ; ರೇಶ್ಮೆಯುಟ್ಟ ದಾಸಿಯೊಬ್ಬಳು ದೊಡ್ಡ ಸೌಟಿನಿಂದ ಅನ್ನವನ್ನು ಬಡಿಸಿ ಅದರ ಮೇಲೆ ತುಪ್ಪವನ್ನೆರೆಯುವಳು; ಬದಿಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಅಷ್ಟು ಮುಗಿಯಿತೆಂದರೆ ಇನ್ನೊಂದು ಸೌಟು ಅನ್ನ, ಅದಕ್ಕೆ ಕೋಳಿಯ ಪದಾರ್ಥ, ಮತ್ತೊಂದು ಸೌಟು, ಅದಕ್ಕೆ ಬಗೆಬಗೆಯ ಮೀನು, ಮಗುದೊಂದು ಸೌಟು, ಅದಕ್ಕೆ ತುಪ್ಪದಲ್ಲಿ ಬೆಂದ ಕಾಯಿಪಲ್ಲೆ, ಕಡೆಗೆ ಮೊಸರು. ಮೊಸರು ಬಂದಿತೆಂದರೆ ಊಟವು ಮುಗಿಯಿತೆಂದು ತಿಳಿಯಬೇಕು. ಮೇಲೆ ಕುಡಿಯುವದಕ್ಕೆ ಬಿಸಿನೀರು; ಮಳೆಗಾಲದಲ್ಲಿ ತಣ್ಣೀರು ಬಾಧಕವೆಂದು ಅಲ್ಲಿಯವರ ಎಣಿಕೆ. ಮತ್ತೊಮ್ಮೆ ಇದೇ ಅರಸನ ಬಳಿ ಹನ್ನೊಂದು ತಿಂಗಳು ನಿಂತಾಗ ರೊಟ್ಟಿಯ ಮುಖವನ್ನೇ ಕಾಣದೆ ಅನ್ನವೊಂದರಿಂದಲೇ ಕಾಲ ಕಳೆದೆನೆಂದು ಈ ಗೋದಿಯ ನಾಡಿನ ಮನುಷ್ಯನು ಬರೆದಿಟ್ಟಿದ್ದಾನೆ. ಆ ಪಟ್ಟಣದಲ್ಲಿ ಗಂಡುಮಕ್ಕಳಿಗೆ ೨೩, ಹೆಣ್ಣುಮಕ್ಕಳಿಗೆ ೧೩ ಪಾಠಶಾಲೆಗಳಿದ್ದವೆಂದು ಹೇಳಿದವನೂ ಇವನೇ; ಆದರೆ ಅದು ಬೇರೊಂದು ಲೇಖನದ ವಿಷಯ.

ಆ ಹರಿವಾಣವನ್ನು ಇಂದಿನ ಹೊನ್ನಾವರ, ಕುಮಟೆ, ಭಟಕಳಗಳ ಯಾವ ಗೃಹಿಣಿಯಾದರೂ ಗುರುತಿಸಬಲ್ಲಳು. ಅಂದು ಅದು ಅರಸನ ಹರಿವಾಣವಾಗಿತ್ತು. ಇಂದು ಮಧ್ಯಮಸ್ಥಿತಿಯ ಮನೆಯಲ್ಲಿಯೂ ಹಬ್ಬವಿಲ್ಲದ ದಿನವೂ ಅದೇ ಎಲೆಯ ಮುಂದೆ ಬರುತ್ತಿದೆ. ಹೀಗಿರಲು, ಆ ತುಪ್ಪವೂ ಆ ಅನ್ನವೂ ದೇಹವನ್ನು ಹೊಕ್ಕ ಮೇಲೆ ಏನಾಗುವದು, ಮೈಯಲ್ಲಿ ಬೆಳೆಯುವ ಮೇದಸ್ಸಿಗೂ ರಕ್ತದಲ್ಲಿ ಏರುವ ಸಕ್ಕರೆಗೂ ಸಂಬಂಧವೇನು ಎಂಬ ವಿಚಾರವು ಪ್ರತಿಯೊಂದು ಮನೆಯ ವಿಚಾರವಾಗಿದೆ. ಈ ವಿಚಾರಕ್ಕೆ ಎರಡು ಸಾವಿರ ವರ್ಷಗಳ ಚರಿತ್ರೆಯುಂಟು. ಮತ್ತು ಆ ಚರಿತ್ರೆಯು ನೆಟ್ಟನೆಯ ದಾರಿಯದಲ್ಲ. ಪ್ರಾಚೀನರು ಮೇದಸ್ಸನ್ನು ಹಿಡಿದರು. ನಡುಗಾಲದ ಯುರೋಪಿನವರು ಅದನ್ನು ಬಿಟ್ಟು ಸಕ್ಕರೆಯ ಬೆನ್ನು ಹತ್ತಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಚಾರವು ಮರಳಿ ಮೇದಸ್ಸಿನ ಬಳಿಗೆ ಬಂದಿತು.

ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ನಿಂದ್ಯವಾದ ಎಂಟು ವಿಧದ ಶರೀರಗಳನ್ನು ಹೆಸರಿಸಿ, ಅವುಗಳೊಳಗಿಂದ ಅತಿಸ್ಥೂಲ ಮತ್ತು ಅತಿಕೃಶ ಎಂಬೆರಡನ್ನು ವಿಶೇಷವಾಗಿ ವಿಚಾರಿಸುತ್ತದೆ. ಅತಿಭೋಜನ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ರೆ, ಚಿಂತೆಯಿಲ್ಲದ ನಿತ್ಯಸಂತೋಷ, ಇವುಗಳ ಜತೆಗೆ ಬೀಜಸ್ವಭಾವವೆಂದರೆ ಮಾತಾಪಿತೃಗಳಿಂದ ಬಂದ ಗುಣ—ಇವು ಸ್ಥೌಲ್ಯದ ಕಾರಣಗಳು. ಸ್ಥೂಲನಲ್ಲಿ ಮೇದೋಧಾತುವೊಂದೇ ಬೆಳೆಯುವದು, ಉಳಿದ ಧಾತುಗಳು ಹಾಗೆ ಬೆಳೆಯವು ಎಂಬುದು ಚರಕನ ಮುಖ್ಯ ಸೂಕ್ಷ್ಮ. ಮೇದಸ್ಸು ಮಾರ್ಗಗಳನ್ನು ಮುಚ್ಚುವದರಿಂದ ವಾಯುವು ಕೋಷ್ಠದಲ್ಲಿಯೇ ಸುಳಿದಾಡಿ ಅಗ್ನಿಯನ್ನು ಕೆರಳಿಸುವದು; ಅದರಿಂದ ಉಂಡದ್ದು ಬೇಗ ಜೀರ್ಣಿಸಿ ಮತ್ತೆ ಹಸಿವು; ಮತ್ತೆ ಉಣಿಸು; ಮತ್ತೆ ಮೇದಸ್ಸು. ಮೈಯಲ್ಲಿ ಕೂಡಿಟ್ಟದ್ದು ಬೇಕಾದಷ್ಟಿದ್ದರೂ ಇತರ ಧಾತುಗಳು ಉಪವಾಸ ಬೀಳುವ ಈ ವಿಪರೀತಸ್ಥಿತಿಯನ್ನು ಅವನು ಕಾಡ್ಗಿಚ್ಚಿಗೆ ಹೋಲಿಸುತ್ತಾನೆ. ಸ್ಥೂಲನಿಗಿಂತ ಕೃಶನೇ ಮೇಲೆಂದು ತೀರ್ಪನ್ನೂ ಕೊಡುತ್ತಾನೆ.

ಇದೇ ಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪ್ರಕರಣವಿದೆ. ರೋಗವು ಕೆಡಿಸುವ ದೇಹದ್ರವ್ಯಗಳನ್ನು ಎಣಿಸುವಲ್ಲಿ ಮೊದಲಾಗಿ ಬರುವದು ಮೇದಸ್ಸು. ಅದೂ ಬರಿಯ ಮೇದಸ್ಸಲ್ಲ, ಹೇರಳವೂ 'ಅಬದ್ಧ'ವೂ ಆದ ಮೇದಸ್ಸು. ಅಬದ್ಧವೆಂದರೆ ಗಟ್ಟಿಯಾಗಿ ಕಟ್ಟಿಕೊಳ್ಳದ್ದು, ತನ್ನ ಸ್ಥಾನದಲ್ಲಿ ನಿಲ್ಲದೆ ಸಡಿಲಾದದ್ದು. ರೋಗವು ಪ್ರಕಟವಾಗುವ ಮುನ್ನ ತೋರುವ ಪೂರ್ವರೂಪಗಳೂ ಅಲ್ಲಿವೆ: ಬಾಯಿ ಸಿಹಿಯಾಗುವದು, ಕೈಕಾಲುಗಳ ಉರಿ, ಕೂದಲು ಜಡೆಗಟ್ಟುವದು, ಆಲಸ್ಯ, ದೇಹಕ್ಕೂ ಮೂತ್ರಕ್ಕೂ ಇರುವೆ ಮುತ್ತುವದು. ರೋಗಕ್ಕೊಂದು ಮುಂಬಾಗಿಲುಂಟು, ಅದರಲ್ಲಿ ಕಾಲಿಟ್ಟವನನ್ನು ಹಿಂದಕ್ಕೆ ಕರೆಯಬಹುದು ಎಂಬ ಭಾವನೆಯೇ ಇಲ್ಲಿ ಮಹತ್ವದ್ದು. ಇಂದು 'ಪ್ರೀಡಯಾಬಿಟೀಸ್' ಎನ್ನುವ ಮಧುಮೇಹಪೂರ್ವಾವಸ್ಥೆಯ ತತ್ತ್ವವೂ ಇದೇ. ಲಕ್ಷಣಗಳು ಮಾತ್ರ ಬೇರೆ. ಈಗ ಇರುವೆಯನ್ನು ಕಾಯುವ ಕಾರಣವಿಲ್ಲ. ಬೆಳಗಿನ ಬರಿಹೊಟ್ಟೆಯಲ್ಲಿ ಹತ್ತರಲ್ಲೊಂದು ಲೀಟರು ರಕ್ತದಲ್ಲಿ ೧೦೦ ರಿಂದ ೧೨೫ ಮಿಲಿಗ್ರಾಂ ಸಕ್ಕರೆ, ಅಥವಾ ಗ್ಲೂಕೋಸಿನ ನೀರು ಕುಡಿದ ಎರಡು ತಾಸಿನ ಮೇಲೆ ೧೪೦ ರಿಂದ ೧೯೯ ಮಿಲಿಗ್ರಾಂ—ಇದು ಮುಂಬಾಗಿಲು. ಬರಿಹೊಟ್ಟೆಯ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೧೧೦ ರಿಂದ ಎಳೆಯುತ್ತದೆ.

ಸುಶ್ರುತನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರಮೇಹಿಗಳಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸಿದನು: ಹುಟ್ಟಿನೊಂದಿಗೆ ಬಂದ ಸಹಜ, ಅಪಥ್ಯದಿಂದ ಗಳಿಸಿದ ಅಪಥ್ಯನಿಮಿತ್ತಜ. ಮೊದಲಿನವನು ಪ್ರಾಯಶಃ ಕೃಶ. ಎರಡನೆಯವನು ಸ್ಥೂಲ, ಹೊಟ್ಟೆಬಾಕ, ಹಾಸಿಗೆಯ ಪ್ರಿಯ. ಇಬ್ಬರಿಗೂ ಒಂದೇ ಚಿಕಿತ್ಸೆ ಸಲ್ಲದು. ಮೊದಲಿನವನನ್ನು ಪೋಷಿಸಬೇಕು, ಎರಡನೆಯವನನ್ನು ಕರಗಿಸಬೇಕು. ಸ್ಥೌಲ್ಯಕಾರ್ಶ್ಯಗಳೆರಡಕ್ಕೂ ಮೂಲವು ಅನ್ನರಸವೇ ಎಂದೂ, ಸರಿಯಾಗಿ ಪಾಕವಾಗದ ಮಧುರರಸವು ದೇಹದಲ್ಲಿ ಸಂಚರಿಸಿ ಮೇದಸ್ಸನ್ನು ಹುಟ್ಟಿಸುವದೆಂದೂ ಅವನ ಮತ. ಅನ್ನದ ಸಿಹಿಯೇ ಮೇದಸ್ಸಾಗಬಲ್ಲದೆಂಬ ಈ ಮಾತನ್ನು ಇಂದಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಹೆಚ್ಚಾದ ಪಿಷ್ಟವನ್ನು ಯಕೃತ್ತು ಕೊಬ್ಬಾಗಿಯೇ ಮಾರ್ಪಡಿಸುವದು.

ಇಷ್ಟರಿಂದ ಎಲ್ಲವೂ ನಮ್ಮವರಿಗೆ ಗೊತ್ತಿದ್ದಿತೆಂದು ಹಿಗ್ಗುವದು ಶಾಸ್ತ್ರಕ್ಕೆ ಮಾಡುವ ಗೌರವವಲ್ಲ. ಚರಕನ ಅಬದ್ಧ ಮೇದಸ್ಸು ಇಂದಿನ ಪರೀಕ್ಷಾಲಯದಲ್ಲಿ ಅಳೆಯುವ ವಸ್ತುವಲ್ಲ. ಅವನಿಗೆ ಇನ್ಸುಲಿನ್ ಗೊತ್ತಿರಲಿಲ್ಲ, ರಕ್ತದ ಪರೀಕ್ಷೆ ಗೊತ್ತಿರಲಿಲ್ಲ, ಪ್ರಮೇಹವೆಂಬ ಹೆಸರಿನ ಕೆಳಗೆ ಇಪ್ಪತ್ತು ಬಗೆಯ ಮೂತ್ರವಿಕಾರಗಳನ್ನು ಅವನು ಒಟ್ಟುಗೂಡಿಸಿದ್ದನು. ಅವನದು ರೋಗಿಯನ್ನು ಕಣ್ಣಾರೆ ಬಹುಕಾಲ ನೋಡಿದವನ ಅನುಮಾನ. ಅನುಮಾನವು ಸರಿಯಾದ ದಿಕ್ಕಿನಲ್ಲಿತ್ತು. ಅಷ್ಟೇ ಸಾಕಾದಷ್ಟು ದೊಡ್ಡ ಮಾತು.

ಆ ವಿದ್ಯೆಯು ಕನ್ನಡ ನಾಡಿನಲ್ಲಿ ಗ್ರಂಥಸ್ಥವಾಗಿ ಉಳಿದುಬಂದಿತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದನು. ಶರಾವತಿಯ ದಂಡೆಯ ನಗಿರೆ ಎಂದರೆ ಗೇರಸೊಪ್ಪೆಯ ರಾಜ್ಯದಲ್ಲಿ, ಹದಿನಾರನೆಯ ಶತಮಾನದಲ್ಲಿ, ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿಯು ವೈದ್ಯವನ್ನು ಸಾಂಗತ್ಯಕ್ಕೆ ಇಳಿಸಿ ವೈದ್ಯಸಾಂಗತ್ಯವೆಂಬ ಗ್ರಂಥವನ್ನು ರಚಿಸಿದನು. ಭಾರತವನ್ನೂ ರಸಶಾಸ್ತ್ರವನ್ನೂ ಬರೆದ ಕವಿಯೇ ಚಿಕಿತ್ಸೆಯನ್ನೂ ಹಾಡುವ ಛಂದಸ್ಸಿನಲ್ಲಿ ಬರೆದನೆಂದರೆ, ಮೆಣಸಿನ ವ್ಯಾಪಾರದಿಂದ ಶ್ರೀಮಂತವಾಗಿದ್ದ ಆ ಪಟ್ಟಣದಲ್ಲಿ ಪಥ್ಯಾಪಥ್ಯದ ವಿಚಾರವು ಪಂಡಿತರ ಸೊತ್ತಷ್ಟೇ ಆಗಿರಲಿಲ್ಲವೆಂದು ಊಹಿಸಬಹುದು.

ಯುರೋಪಿನ ಕಡೆಗೆ ತಿರುಗಿದರೆ ಅಲ್ಲಿಯ ಚರಿತ್ರೆಯು ನಾಲಗೆಯಿಂದ ಆರಂಭವಾಗುವದು. ೧೬೭೪ ರಲ್ಲಿ ಇಂಗ್ಲಂಡದ ಥಾಮಸ್ ವಿಲ್ಲಿಸನು ಈ ರೋಗಿಗಳ ಮೂತ್ರವು ಜೇನಿನಂತೆ ಸಿಹಿಯಾಗಿರುವದೆಂದು ಪ್ರಕಟಿಸಿದನು. ೧೭೭೬ ರಲ್ಲಿ ಮ್ಯಾಥ್ಯೂ ಡಾಬ್ಸನನು ಮೂತ್ರವನ್ನು ಕಾಯಿಸಿ ಇಂಗಿಸಿ ಸಕ್ಕರೆಯಂಥ ಬಿಳಿಯ ಹೆಪ್ಪನ್ನು ತೆಗೆದು ತೋರಿಸಿ, ರಕ್ತದ ನೀರೂ ಸಿಹಿಯೆಂದು ಹೇಳಿದನು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡನು ಯಕೃತ್ತೇ ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ರಕ್ತಕ್ಕೆ ಬಿಡುವ ಉಗ್ರಾಣವೆಂದು ಸಿದ್ಧಪಡಿಸಿದನು. ಅದೇ ಬರ್ನಾರ್ಡನು, ಹೊಟ್ಟೆಯ ಹಿಂದಿರುವ ಒಂದು ಗ್ರಂಥಿಯ ರಸವು ಕೊಬ್ಬನ್ನು ಜೀರ್ಣಿಸುವದೆಂದೂ ತೋರಿಸಿದ್ದನು. ಕನ್ನಡದಲ್ಲಿ ಆ ಗ್ರಂಥಿಗೆ ಬಂದ ಹೆಸರು ಮೇದೋಜೀರಕ, ಹೆಸರಿನಲ್ಲಿಯೇ ಮೇದಸ್ಸಿದೆ. ಜಗತ್ತು ಮಾತ್ರ ಅದನ್ನು ಬೇಗನೆ ಸಕ್ಕರೆಯ ಗ್ರಂಥಿಯೆಂದು ಭಾವಿಸತೊಡಗಿತು.

ಅದಕ್ಕೆ ಕಾರಣವಾದದ್ದು ೧೮೮೯ ರ ಒಂದು ಪ್ರಯೋಗ. ಸ್ಟ್ರಾಸ್‌ಬರ್ಗಿನಲ್ಲಿ ಫಾನ್ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬವರು ನಾಯಿಯೊಂದರ ಮೇದೋಜೀರಕವನ್ನು ತೆಗೆದುಹಾಕಿದರು. ಕೊಬ್ಬಿನ ಪಚನವನ್ನು ಪರೀಕ್ಷಿಸುವದು ಅವರ ಮೂಲ ಉದ್ದೇಶ. ನಾಯಿಯಾದರೋ ಪದೇಪದೇ ಮೂತ್ರ ಮಾಡತೊಡಗಿತು, ಮೂತ್ರದಲ್ಲಿ ಸಕ್ಕರೆ ಹೇರಳವಾಗಿತ್ತು. ಆ ಮೂತ್ರಕ್ಕೆ ನೊಣ ಮುತ್ತಿದ್ದನ್ನು ಕಂಡು ಆಳೊಬ್ಬನು ಸುದ್ದಿ ತಂದನೆಂಬ ಕಥೆಯೂ ಉಂಟು; ಚರಕನ ಇರುವೆಯನ್ನು ನೆನಪಿಗೆ ತರುವ ಈ ಕಥೆ ರಮ್ಯವಾದರೂ ಪ್ರಮಾಣವಾಗಿ ಹಿಡಿಯುವಂಥದಲ್ಲ. ಕೊಬ್ಬನ್ನು ಹುಡುಕಹೋದವರಿಗೆ ಸಕ್ಕರೆ ಸಿಕ್ಕಿತು. ಮುಂದಿನ ಮೂವತ್ತು ವರ್ಷ ಎಲ್ಲರೂ ಆ ಗ್ರಂಥಿಯೊಳಗಿನ ಸಕ್ಕರೆಯಿಳಿಸುವ ವಸ್ತುವನ್ನು ಹುಡುಕಿದರು. ೧೯೨೧ ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟರು ಅದನ್ನು ಪಡೆದರು. ೧೯೨೨ ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಕೊಡಲಾಯಿತು. ಸಾವಿನ ಬಾಯಲ್ಲಿದ್ದ ಮಕ್ಕಳು ಎದ್ದು ಕುಳಿತ ಆ ಸಂಗತಿಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಅದರ ಬೆಳಕಿನಲ್ಲಿ ಮೇದಸ್ಸು ಇನ್ನಷ್ಟು ಕತ್ತಲೆಗೆ ಸರಿಯಿತು.

೧೯೯೨ ರಲ್ಲಿ ಡೆನಿಸ್ ಮೆಕ್‌ಗ್ಯಾರಿ ಎಂಬ ವಿಜ್ಞಾನಿಯು ಅಮೇರಿಕದ 'ಸಾಯನ್ಸ್' ಪತ್ರಿಕೆಯಲ್ಲಿ ಒಂದು ವಿನೋದದ ಪ್ರಶ್ನೆಯನ್ನೆತ್ತಿದನು: ಮಿಂಕೋವ್‌ಸ್ಕಿಗೆ ನಾಲಗೆಯ ರುಚಿಯೇ ಇಲ್ಲದಿದ್ದರೆ? ಸಿಹಿಯು ತಿಳಿಯದೆ, ಕೊಬ್ಬು ಅರೆಬರೆ ಉರಿದಾಗ ಏಳುವ ಅಸಿಟೋನಿನ ವಾಸನೆಯೊಂದೇ ಅವನ ಮೂಗಿಗೆ ಬಡಿದಿದ್ದರೆ, ಮಧುಮೇಹವನ್ನು ಅವನು ಮೇದಸ್ಸಿನ ರೋಗವೆಂದೇ ಸಾರುತ್ತಿದ್ದನಲ್ಲವೆ? ವಿನೋದವಾದರೂ ಇದು ಹಾಸ್ಯಕ್ಕೆ ಬಿಡುವ ಮಾತಲ್ಲ. ಸಕ್ಕರೆಯನ್ನು ಅಳೆಯುವದು ಸುಲಭ, ಆದುದರಿಂದ ರೋಗವು ಸಕ್ಕರೆಯದಾಯಿತು; ರೋಗವು ಸಕ್ಕರೆಯದೆಂದ ಮೇಲೆ ಸಕ್ಕರೆ ಏರುವವರೆಗೆ ರೋಗವೇ ಇಲ್ಲವೆಂದಾಯಿತು. ಅನೇಕ ಮನೆಗಳಲ್ಲಿ ಇಂದಿಗೂ ಇದೇ ನಂಬಿಗೆ.

ಮೇದಸ್ಸಿನ ಕಡೆಗೆ ಮರಳಿದ ದಾರಿಯ ಕೆಲವು ಮೈಲುಗಲ್ಲುಗಳನ್ನಷ್ಟೇ ಇಲ್ಲಿ ಹೇಳಿದರೆ ಸಾಕು. ಕೊಬ್ಬೆಂದರೆ ಗ್ಲಿಸರಿನ್ ಮತ್ತು ಮೇದಾಮ್ಲಗಳ ಕೂಟವೆಂದು ಫ್ರಾನ್ಸಿನ ಶೆವ್ರೆಲನು ೧೮೨೩ ರಷ್ಟು ಹಿಂದೆಯೇ ತೋರಿಸಿದ್ದನು. ೧೯೩೬ ರಲ್ಲಿ ಲಂಡನ್ನಿನ ಹಿಮ್ಸ್‌ವರ್ಥನು ಮಧುಮೇಹಿಗಳಲ್ಲಿ ಇನ್ಸುಲಿನ್ನಿಗೆ ಓಗೊಡುವವರು, ಓಗೊಡದವರು ಎಂಬ ಎರಡು ಪಂಗಡಗಳನ್ನು ಪ್ರಯೋಗದಿಂದ ಬೇರ್ಪಡಿಸಿದನು. ಸುಶ್ರುತನ ಕೃಶ–ಸ್ಥೂಲ ವಿಭಾಗವು ಬೇರೊಂದು ವೇಷದಲ್ಲಿ ತಿರುಗಿ ಬಂದಂತಾಯಿತು. ೧೯೪೭ ರಲ್ಲಿ ಮಾರ್ಸೇಲ್ಸಿನ ಜಾನ್ ವಾಗ್ ಎಂಬ ವೈದ್ಯನು, ಬೊಜ್ಜು ಎಷ್ಟಿದೆಯೆಂಬುದಕ್ಕಿಂತ ಎಲ್ಲಿದೆಯೆಂಬುದು ಮುಖ್ಯ, ಸೊಂಟ ತೊಡೆಗಳದಕ್ಕಿಂತ ಮೇಲ್ಮೈ ಹೊಟ್ಟೆಗಳದು ಮಧುಮೇಹಕ್ಕೆ ಹತ್ತಿರವೆಂದು ಬರೆದನು. ೧೯೫೬ ರಲ್ಲಿ ಡೋಲ್, ಗಾರ್ಡನ್ ಮೊದಲಾದವರು ರಕ್ತದಲ್ಲಿ ಬಿಡಿಬಿಡಿಯಾಗಿ ಸಂಚರಿಸುವ ಮೇದಾಮ್ಲಗಳನ್ನು ಅಳೆದರು. ಅವುಗಳ ಪ್ರಮಾಣವು ಅತ್ಯಲ್ಪ, ಸಂಚಾರವು ಅತಿಶೀಘ್ರ. ಸಂತೆಯ ದಿನದ ಹಣದಂತೆ ಒಂದು ಕೈಯಲ್ಲಿ ನಿಮಿಷವೂ ನಿಲ್ಲದೆ ಎಷ್ಟೋ ವ್ಯವಹಾರ ನಡೆಸಿಬಿಡುವವು. ಅಲ್ಪವಾದುದರಿಂದಲೇ ಅಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ೧೯೬೦ ರಲ್ಲಿ ಯಾಲೋ ಮತ್ತು ಬರ್ಸನ್ನರು ಇನ್ಸುಲಿನ್ನನ್ನೇ ಅಳೆದಾಗ, ವಯಸ್ಸಾದ ಮೇಲೆ ಬರುವ ಮಧುಮೇಹದಲ್ಲಿ ಅದು ಕಡಿಮೆಯಿರುವ ಬದಲು ಅನೇಕರಲ್ಲಿ ಹೆಚ್ಚಾಗಿಯೇ ಇದ್ದಿತು. ಅಪ್ಪಣೆ ಕೊಡುವವನಿದ್ದಾನೆ, ಕೇಳುವವರಿಲ್ಲ. ೧೯೬೩ ರಲ್ಲಿ ಫಿಲಿಪ್ ರ‍್ಯಾಂಡಲನು ಮೇದಾಮ್ಲಗಳನ್ನು ಉರಿಸುತ್ತಿರುವ ಸ್ನಾಯುವು ಸಕ್ಕರೆಯನ್ನು ತಳ್ಳಿಬಿಡುವದೆಂದು ತೋರಿಸಿದನು. ೧೯೮೮ ರಲ್ಲಿ ಜೆರಾಲ್ಡ್ ರೀವನನು ಇನ್ಸುಲಿನ್ನಿಗೆ ಓಗೊಡದಿರುವಿಕೆ, ರಕ್ತದೊತ್ತಡ, ರಕ್ತದಲ್ಲಿಯ ಕೊಬ್ಬಿನ ಏರುಪೇರು ಇವೆಲ್ಲವನ್ನೂ ಒಂದೇ ಬೇರಿನ ಕೊಂಬೆಗಳೆಂದು ಕಟ್ಟಿಕೊಟ್ಟನು.

ಈ ಎಲ್ಲ ಶೋಧಗಳು ಕೂಡಿ ಹೇಳುವದೇನೆಂಬುದನ್ನು ಅಘನಾಶಿನಿಯ ಕೊಳ್ಳದವರು ಸುಲಭವಾಗಿ ಗ್ರಹಿಸಬಲ್ಲರು. ಏಕೆಂದರೆ ಅವರ ಗಜನಿ ಭೂಮಿಯ ಮರ್ಮವೂ ಅದೇ. ಕುಮಟೆಯ ಸೀಮೆಯಲ್ಲಿ ನದಿಯು ಸಮುದ್ರವನ್ನು ಕೂಡುವೆಡೆಯ ಈ ತಗ್ಗು ಗದ್ದೆಗಳಿಗೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ತೂಬಿನ ಬಾಗಿಲು. ಭರತದ ಉಪ್ಪುನೀರು ಬಂದಾಗ ಬಾಗಿಲು ಮುಚ್ಚಬೇಕು, ಇಳಿತದಲ್ಲಿ ಒಳಗಿನ ನೀರು ಹೊರಗೆ ಹೋಗಬೇಕು. ಮಳೆಯು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತವು ಬೆಳೆಯುವದು. ಕೊಯ್ಲು ಮುಗಿದ ಮೇಲೆ ಅದೇ ಉಪ್ಪುನೀರನ್ನು ಒಳಗೆ ಬಿಟ್ಟರೆ ಮೀನು ಸಿಗಡಿಗಳ ಫಸಲು. ಉಪ್ಪುನೀರು ಶತ್ರುವಲ್ಲ. ಬಾಗಿಲು ಕೆಟ್ಟು ಅದು ಅಕಾಲದಲ್ಲಿ ಸೋರತೊಡಗಿದರೆ ಮಾತ್ರ ಬೆಳೆಯು ಕೆಡುವದು.

ದೇಹದಲ್ಲಿ ಮೇದಸ್ಸಿನ ವ್ಯವಹಾರವೂ ಹೀಗೆಯೇ ಬಾಗಿಲಿನದು. ಉಂಡ ತುಪ್ಪ, ಎಣ್ಣೆ, ಮೀನಿನ ಕೊಬ್ಬು ಸಣ್ಣಕರುಳಿನಲ್ಲಿ ಪಿತ್ತರಸದಿಂದ ಹನಿಹನಿಯಾಗಿ ಒಡೆದು, ಮೇದೋಜೀರಕದ ರಸದಿಂದ ಮೇದಾಮ್ಲವಾಗಿ ಬಿಡಿಸಲ್ಪಟ್ಟು, ಕರುಳಿನ ಗೋಡೆಯಲ್ಲಿ ಮತ್ತೆ ಕೊಬ್ಬಾಗಿ ಕೂಡಿ, ಸಣ್ಣ ಪೊಟ್ಟಣಗಳಂತೆ ದುಗ್ಧನಾಳಗಳ ಮೂಲಕ ರಕ್ತಕ್ಕೆ ಬರುವದು. ಊಟದೊಡನೆ ಏರಿದ ಇನ್ಸುಲಿನ್ ಆ ಹೊತ್ತಿಗೆ ಎರಡು ಅಪ್ಪಣೆಗಳನ್ನು ಕೊಟ್ಟಿರುವದು: ಮೇದಃಕೋಶಗಳೇ, ಬಂದ ಕೊಬ್ಬನ್ನು ಒಳಗೆ ತೆಗೆದುಕೊಳ್ಳಿರಿ, ನಿಮ್ಮಲ್ಲಿದ್ದದ್ದನ್ನು ಹೊರಗೆ ಬಿಡಬೇಡಿರಿ. ರಾತ್ರಿಯ ಉಪವಾಸದಲ್ಲಿ ಇನ್ಸುಲಿನ್ ಇಳಿದೊಡನೆ ಬಾಗಿಲು ತಿರುಗಾಮುರುಗಾ ಆಗುವದು. ಕೂಡಿಟ್ಟ ಕೊಬ್ಬು ಮೇದಾಮ್ಲವಾಗಿ ಹೊರಬಿದ್ದು ಹೃದಯ, ಸ್ನಾಯು, ಯಕೃತ್ತುಗಳಿಗೆ ಉರುವಲಾಗುವದು. ಆರೋಗ್ಯವಂತನ ಸ್ನಾಯುವು ಹಗಲು ಸಕ್ಕರೆಯನ್ನೂ ಇರುಳು ಕೊಬ್ಬನ್ನೂ ಅನಾಯಾಸವಾಗಿ ಬದಲಿಸಿಕೊಂಡು ಉರಿಸುವದು.

ಬೊಜ್ಜು ಬೆಳೆದಾಗ ಏನಾಗುವದು? ಮೇದಃಕೋಶವು ಹಿಗ್ಗುತ್ತ ಹಿಗ್ಗುತ್ತ ತನ್ನ ಮೇರೆಗೆ ಬರುವದು. ಅದರ ಸುತ್ತ ಉರಿಯೂತದ ಕಣಗಳು ನೆರೆಯುವವು. ಇನ್ಸುಲಿನ್ನಿನ ಅಪ್ಪಣೆಯು ಮಂದವಾಗಿ ಕೇಳಿಸತೊಡಗುವದು. ಹೊರಬಾಗಿಲು ಊಟದ ನಂತರವೂ ಪೂರ್ತಿ ಮುಚ್ಚದು. ಒಳಬಾಗಿಲು ಪೂರ್ತಿ ತೆರೆಯದು. ಉಂಡ ಕೊಬ್ಬು ರಕ್ತದಲ್ಲಿ ತಾಸುಗಟ್ಟಲೆ ಸುತ್ತುತ್ತಿರುವದು, ಅದಕ್ಕೆ ಸೋರಿದ ಮೇದಾಮ್ಲವೂ ಕೂಡುವದು. ತಾನು ಸೇರಬೇಕಾದ ಕಣಜದಲ್ಲಿ ಸ್ಥಳವಿಲ್ಲದ ಈ ಕೊಬ್ಬು ಅನ್ಯರ ಮನೆಯಲ್ಲಿ ಹೋಗಿ ಕೂಡುವದು—ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ, ಕಡೆಗೆ ಇನ್ಸುಲಿನ್ನನ್ನು ಹುಟ್ಟಿಸುವ ಮೇದೋಜೀರಕದಲ್ಲಿಯೂ. ಸ್ನಾಯುವಿನಲ್ಲಿ ಕೂತ ಕೊಬ್ಬಿನಿಂದ ಸಕ್ಕರೆಯ ಪ್ರವೇಶಕ್ಕೆ ತಡೆ. ಕೊಬ್ಬಿಳಿದ ಯಕೃತ್ತು ಬೇಡದ ಹೊತ್ತಿನಲ್ಲಿಯೂ ಸಕ್ಕರೆಯನ್ನು ಬಿಡುವದು, ಟ್ರೈಗ್ಲಿಸರೈಡೆಂಬ ಕೊಬ್ಬಿನ ಹೊರೆಯನ್ನು ರಕ್ತಕ್ಕೆ ಹೇರುವದು, ಒಳ್ಳೆಯದೆನ್ನುವ ಎಚ್.ಡಿ.ಎಲ್. ಕೊಲೆಸ್ಟರಾಲು ಇಳಿಯುವದು, ರಕ್ತನಾಳದ ಗೋಡೆಗೆ ಸುಲಭವಾಗಿ ನುಸುಳುವ ಸಣ್ಣ ಕಣದ ಎಲ್.ಡಿ.ಎಲ್. ಹೆಚ್ಚುವದು. ಇಷ್ಟಾದರೂ ಸಕ್ಕರೆಯ ಅಂಕಿ ಬಹುಕಾಲ ಸರಿಯಾಗಿಯೇ ತೋರುವದು. ಏಕೆಂದರೆ ಮೇದೋಜೀರಕವು ಎರಡು ಪಟ್ಟು ಮೂರು ಪಟ್ಟು ಇನ್ಸುಲಿನ್ ಸುರಿದು ಲೆಕ್ಕವನ್ನು ಸರಿದೂಗಿಸುತ್ತಿರುವದು. ಹೆಚ್ಚಾದ ಆ ಇನ್ಸುಲಿನ್ನೇ ಯಕೃತ್ತಿನಲ್ಲಿ ಹೊಸ ಕೊಬ್ಬಿನ ತಯಾರಿಕೆಯನ್ನು ಪ್ರಚೋದಿಸುವದೆಂಬುದು ಇದರೊಳಗಿನ ಕ್ರೂರವಾದ ವಕ್ರತೆ. ಸಾಲ ತೀರಿಸಲು ಮಾಡಿದ ಸಾಲದಂತೆ. ಗ್ರಂಥಿಯು ದಣಿದು ಹಿಂದೆಬಿದ್ದಾಗ ಮಾತ್ರ ಸಕ್ಕರೆಯು ೧೦೦ ನ್ನು ದಾಟುವದು. ಆಗ ಮನೆಯವರು, ಈಗ ತಾನೇ ಏನೋ ಶುರುವಾದಂತಿದೆ ಎನ್ನುವರು. ಮೇದಸ್ಸಿನ ಲೆಕ್ಕದಲ್ಲಿ ಅದು ಎಷ್ಟೋ ವರ್ಷಗಳ ಹಿಂದೆ ಶುರುವಾಗಿದ್ದಿತು.

ಕೂಡಿಟ್ಟ ಮೇದಸ್ಸಿಗಿಂತ ಸ್ಥಾನತಪ್ಪಿದ ಮೇದಸ್ಸೇ ಅಪಾಯಕರವೆಂಬುದಕ್ಕೆ ಒಂದು ವಿಲಕ್ಷಣ ಸಾಕ್ಷ್ಯವುಂಟು. ಲೈಪೋಡಿಸ್ಟ್ರೋಫಿ ಎಂಬ ಅಪರೂಪದ ರೋಗದಲ್ಲಿ ಚರ್ಮದಡಿಯ ಕೊಬ್ಬೇ ಇರುವದಿಲ್ಲ. ರೋಗಿಯು ನೋಡಲು ಒಣಗಿದ ಮರದಂತೆ. ಸ್ಥೌಲ್ಯವೇ ಎಲ್ಲಕ್ಕೂ ಮೂಲವಾಗಿದ್ದರೆ ಇವನು ಪರಮಾರೋಗ್ಯವಂತನಾಗಬೇಕು. ಆದರೆ ಅವನ ಯಕೃತ್ತು ಕೊಬ್ಬಿನಿಂದ ಊದಿರುವದು, ಟ್ರೈಗ್ಲಿಸರೈಡು ಮಿತಿಮೀರಿರುವದು, ಮಧುಮೇಹವು ತೀವ್ರವಾಗಿರುವದು. ಕಣಜವಿಲ್ಲದ ಮನೆಯಲ್ಲಿ ಭತ್ತವನ್ನು ಮಲಗುವ ಕೋಣೆಯಲ್ಲಿ ಸುರಿದಂತೆ ಅವನ ಸ್ಥಿತಿ. ಇಂಥ ಇಲಿಗಳಿಗೆ ಆರೋಗ್ಯವಂತ ಇಲಿಯ ಕೊಬ್ಬನ್ನು ಕಸಿಮಾಡಿದಾಗ ಅವುಗಳ ಮಧುಮೇಹವು ಇಳಿದುದನ್ನು ೨೦೦೦ ದಲ್ಲಿ ಅಮೇರಿಕದ ವಿಜ್ಞಾನಿಗಳು ವರದಿ ಮಾಡಿದರು.

ಈ ಸಂಗತಿಯು ನಮ್ಮ ದೇಶಕ್ಕೆ ವಿಶೇಷವಾಗಿ ತಟ್ಟುವಂಥದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ನರೂ ೨೦೦೪ ರಲ್ಲಿ ತಮ್ಮಿಬ್ಬರದೇ ಚಿತ್ರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಂಕಿಯು ಇಬ್ಬರದೂ ೨೨.೩, ಮೈಯಲ್ಲಿಯ ಕೊಬ್ಬಾದರೋ ಯುಡ್ಕಿನ್ನರದು ನೂರಕ್ಕೆ ೯.೧, ಯಾಜ್ಞಿಕರದು ೨೧.೨. ತೆಳ್ಳಗೆ ತೋರುವ ಭಾರತೀಯನೊಳಗೆ ಸ್ಥೂಲನೊಬ್ಬನು ಅಡಗಿರಬಹುದೆಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವದು ಕಷ್ಟ. ಆದುದರಿಂದಲೇ ೨೦೦೯ ರಲ್ಲಿ ಭಾರತದ ವೈದ್ಯರು ಕೂಡಿ ಗೆರೆಗಳನ್ನು ಕೆಳಗಿಳಿಸಿದರು: ಆ ಅಂಕಿಯು ೨೩ ದಾಟಿದರೆ ಅತಿತೂಕ, ೨೫ ದಾಟಿದರೆ ಸ್ಥೌಲ್ಯ, ಸೊಂಟದ ಸುತ್ತಳತೆಯು ಗಂಡಸಿಗೆ ೯೦, ಹೆಂಗಸಿಗೆ ೮೦ ಸೆಂಟಿಮೀಟರಿನೊಳಗೆ ಇರತಕ್ಕದ್ದು.

ಇದರ ಬೇರು ತಾಯಿಯ ಗರ್ಭದವರೆಗೆ ಹೋಗಿರುವದೆಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ಥ್ ಮೆಮೋರಿಯಲ್ ಆಸ್ಪತ್ರೆಯ ಹಳೆಯ ಹೆರಿಗೆಪುಸ್ತಕಗಳು ಸಾಕ್ಷಿ ಹೇಳುತ್ತವೆ. ೧೯೩೪ ರಿಂದ ಅಲ್ಲಿ ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಯಾವ ಪ್ರಯೋಜನವೆಂದು ಕೇಳದೆ ನಿಷ್ಠೆಯಿಂದ ಬರೆದ ಆ ಲೆಕ್ಕವು ಅರ್ಧ ಶತಮಾನದ ಮೇಲೆ ಜಗತ್ತಿಗೇ ಉಪಯೋಗಕ್ಕೆ ಬಂದಿತು. ಅಂದು ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗವು ಹೆಚ್ಚೆಂದು ೧೯೯೬ ರಲ್ಲಿಯೂ, ಉದ್ದಕ್ಕೆ ತಕ್ಕುದಕ್ಕಿಂತ ತೋರವಾಗಿ ಹುಟ್ಟಿದವರಲ್ಲಿ ಮಧುಮೇಹವು ಹೆಚ್ಚೆಂದು ೧೯೯೮ ರಲ್ಲಿಯೂ ಪ್ರಕಟವಾಯಿತು. ಚರಕನ ಬೀಜಸ್ವಭಾವಕ್ಕೆ ಗರ್ಭಪೋಷಣೆಯೆಂಬ ಇನ್ನೊಂದು ಅರ್ಥವನ್ನೂ ಸೇರಿಸಿಕೊಳ್ಳಬೇಕಾಯಿತು.

೧೯೦೭ ರಲ್ಲಿ ಬ್ರಿಟಿಶ್ ವೈದ್ಯರು ಉಷ್ಣದೇಶಗಳ ಮಧುಮೇಹವನ್ನು ಚರ್ಚಿಸಿದಾಗ ಅದು ಕಲಕತ್ತೆಯ ಕುಳಿತು ಉಣ್ಣುವ ಉಳ್ಳವರ ರೋಗವೆಂದೇ ಎಣಿಸಲ್ಪಟ್ಟಿತ್ತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಪರವಾಗಿ ದೇಶದ ಎಲ್ಲ ರಾಜ್ಯಗಳಲ್ಲಿ ೨೦೦೮ ರಿಂದ ೨೦೨೦ ರವರೆಗೆ ನಡೆದ, ೧,೧೩,೦೪೩ ಜನರನ್ನು ಒಳಗೊಂಡ ಸಮೀಕ್ಷೆಯು ೨೦೨೩ ರಲ್ಲಿ ಹೊರಬಂದಾಗ ಚಿತ್ರವೇ ಬೇರೆಯಾಗಿತ್ತು: ವಯಸ್ಕರಲ್ಲಿ ನೂರಕ್ಕೆ ೧೧.೪ ಜನ ಮಧುಮೇಹಿಗಳು, ೧೫.೩ ಜನ ಮುಂಬಾಗಿಲಿನಲ್ಲಿರುವವರು; ಹೊಟ್ಟೆಯ ಬೊಜ್ಜುಳ್ಳವರು ೩೯.೫, ರಕ್ತದ ಕೊಬ್ಬಿನಲ್ಲಿ ಒಂದಿಲ್ಲೊಂದು ದೋಷವುಳ್ಳವರು ೮೧.೨. ಕೊನೆಯ ಅಂಕಿಯ ಮೇಲೆ ವಾಚಕರು ಕ್ಷಣಕಾಲ ನಿಲ್ಲಬೇಕು. ಸಕ್ಕರೆ ಕೆಟ್ಟವರಿಗಿಂತ ಮೇದಸ್ಸಿನ ವ್ಯವಹಾರ ಕೆಟ್ಟವರೇ ಅನೇಕ ಪಾಲು ಹೆಚ್ಚು.

ಕರಾವಳಿಯು ಇದಕ್ಕೆ ಹೊರತಾಗಿ ಉಳಿಯುವಂತಿಲ್ಲ. ಒನಕೆಯ ಅಕ್ಕಿಯ ಬದಲು ಗಿರಣಿಯ ಬಿಳಿಯಕ್ಕಿ ಬಂದಿತು. ತವಡಿನೊಂದಿಗೆ ನಾರೂ ಹೋಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅನೇಕ ಗಜನಿಗಳು ಕಗ್ಗವನ್ನು ಬಿಟ್ಟು ಸಿಗಡಿಯ ಹೊಂಡಗಳಾದವು. ಭಟಕಳದ ಮನೆಮನೆಯಿಂದ ಅರಬ ದೇಶಗಳಿಗೆ ಹೋದವರ ಹಣದಿಂದ ಮನೆಗಳು ಬೆಳಗಿದವು. ೧೯೯೮ ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ಇವೆಲ್ಲ ಸುಖದ ಮಾತುಗಳೇ. ಯಾರೂ ಇವನ್ನು ಹಳಿಯಬೇಕಾಗಿಲ್ಲ. ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಕಟ್ಟೆ ಹಾಕಿದ ಅಜ್ಜನ, ಇಳಿತದಲ್ಲಿ ಬಗ್ಗಿ ಬಳಚು ಹೆಕ್ಕಿದ ಅಜ್ಜಿಯ ಹಸಿವು ಮೊಮ್ಮಕ್ಕಳಿಗೆ ಬಂದಿದೆ. ಆ ಕೆಲಸವು ಬಂದಿಲ್ಲ. ಸ್ನಾಯುವು ದುಡಿಯದಿದ್ದರೆ ಸೋರಿದ ಮೇದಾಮ್ಲಕ್ಕೆ ಉರಿಯುವ ಒಲೆಯೇ ಇಲ್ಲವಾಗುವದು.

ಚಿಕಿತ್ಸೆಯ ಮಾತಿಗೆ ಬಂದರೆ, ಚರಕನು ಸ್ಥೂಲನಿಗೆ ವಿಧಿಸಿದ್ದು ಗುರುವಾದರೂ ಪುಷ್ಟಿಕೊಡದ ಆಹಾರ: ಹೊಟ್ಟೆ ತುಂಬಬೇಕು, ಮೈ ತುಂಬಬಾರದು. ಜವೆ, ಹುರುಳಿ, ಹೆಸರು, ಸಾಮೆಯಂಥ ಕಿರುಧಾನ್ಯ, ಮಜ್ಜಿಗೆ ಅವನ ಪಟ್ಟಿಯಲ್ಲಿವೆ. ಸುಶ್ರುತನ ವಿಧಿಯು ಇನ್ನೂ ಕಟುವಾದದ್ದು. ಹಣವೂ ಬಂಧುಗಳೂ ಇಲ್ಲದ ಪ್ರಮೇಹಿಯು ಕೆರವಿಲ್ಲದೆ ಕೊಡೆಯಿಲ್ಲದೆ, ಭಿಕ್ಷೆಯುಣ್ಣುತ್ತ, ಒಂದೂರಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಹಣವಂತನು ಸಾಮೆ, ಕಾಡುಧಾನ್ಯಗಳನ್ನುಂಡು ಅಡವಿಯ ಜಿಂಕೆಗಳೊಡನೆ ವಾಸಿಸಬೇಕು. ಉಳಿದವರು ಉಳಬೇಕು, ಇಲ್ಲವೆ ಬಾವಿ ತೋಡಬೇಕು. ಒಬ್ಬೊಬ್ಬನ ಜೀವನಕ್ಕೆ ಒಪ್ಪುವ ಶ್ರಮವನ್ನೇ ಔಷಧವಾಗಿ ಕೊಟ್ಟ ಈ ವಿವೇಕವು ಗಮನಿಸತಕ್ಕದ್ದು.

ಈ ಬಗೆಯ ಉಪಾಯಗಳು ತಕ್ಕಡಿಗೆ ಏರಿದ್ದು ಇತ್ತೀಚೆಗೆ. ಚೀನದ ಡಾಚಿಂಗ್ ನಗರದಲ್ಲಿ ೧೯೮೬ ರಿಂದ ಆರು ವರ್ಷ, ಅಮೇರಿಕದಲ್ಲಿ ೩,೨೩೪ ಜನರ ಮೇಲೆ ೨೦೦೨ ರವರೆಗೆ, ಮುಂಬಾಗಿಲಿನಲ್ಲಿದ್ದವರ ಮೇಲೆ ಪ್ರಯೋಗಗಳು ನಡೆದವು. ಅಮೇರಿಕದಲ್ಲಿ ದೇಹದ ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಕೆ, ವಾರಕ್ಕೆ ೧೫೦ ನಿಮಿಷ ನಡಿಗೆ ಎಂಬ ಗುರಿಯಿಟ್ಟುಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವದು ನೂರಕ್ಕೆ ೫೮ ರಷ್ಟು ತಪ್ಪಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಪ್ಪಿದ್ದು ೩೧. ಇಂಗ್ಲಂಡದ ನ್ಯೂಕ್ಯಾಸಲಿನಲ್ಲಿ ರಾಯ್ ಟೇಲರ್ ಎಂಬವರು ೨೦೧೧ ರಲ್ಲಿ ಹನ್ನೊಂದು ಮಧುಮೇಹಿಗಳಿಗೆ ಎಂಟು ವಾರ ಅತ್ಯಲ್ಪಾಹಾರವನ್ನು ಕೊಟ್ಟು ನೋಡಿದರು. ಮೊದಲ ವಾರದಲ್ಲಿಯೇ ಯಕೃತ್ತಿನ ಕೊಬ್ಬು ಇಳಿಯತೊಡಗಿ ಬರಿಹೊಟ್ಟೆಯ ಸಕ್ಕರೆಯು ಸಹಜಸ್ಥಿತಿಗೆ ಬಂದಿತು. ಎಂಟು ವಾರಗಳಲ್ಲಿ ಮೇದೋಜೀರಕದ ಕೊಬ್ಬೂ ಇಳಿದು ಅದರ ಇನ್ಸುಲಿನ್ ಶಕ್ತಿಯು ಮರಳಿತು. ಸ್ಥಾನತಪ್ಪಿದ ಮೇದಸ್ಸು ಹೊರಟಿತು, ಅದರ ಹಿಂದೆಯೇ ಸಕ್ಕರೆಯೂ ಹೊರಟಿತು. ಔಷಧ ಸೇವಿಸುತ್ತಿರುವವರು ಇಂಥ ಉಪವಾಸವನ್ನು ವೈದ್ಯರನ್ನು ಕೇಳದೆ ಕೈಕೊಳ್ಳಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಕ್ಕರೆಯು ಮಿತಿಮೀರಿ ಇಳಿದೀತು.

ನಮ್ಮ ದೇಶದ ಪ್ರಯೋಗವು ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ೫೩೧ ಜನರ ಮೇಲೆ ನಡೆದು ೨೦೦೬ ರಲ್ಲಿ ಪ್ರಕಟವಾಯಿತು. ಅಲ್ಲಿಯವರು ಅಮೇರಿಕದವರಷ್ಟು ಸ್ಥೂಲರಾಗಿರಲಿಲ್ಲ, ತೂಕವೂ ಹೇಳಿಕೊಳ್ಳುವಂತೆ ಇಳಿಯಲಿಲ್ಲ; ಆದರೂ ಪಥ್ಯ ಮತ್ತು ನಡಿಗೆಗಳಿಂದ ಮೂರು ವರ್ಷಗಳಲ್ಲಿ ನೂರಕ್ಕೆ ೨೮.೫ ರಷ್ಟು ರಕ್ಷಣೆ ಸಿಕ್ಕಿತು, ಮೆಟ್‌ಫಾರ್ಮಿನ್ನಿನಿಂದ ಸಿಕ್ಕಿದ್ದು ೨೬.೪. ಕುಳಿತು ಕೆಲಸ ಮಾಡುವವರಿಗೆ ದಿನಕ್ಕೆ ಅರ್ಧ ತಾಸಿನಷ್ಟು ಬಿರುಸಾದ ನಡಿಗೆಯನ್ನು ವಿಧಿಸಲಾಗಿತ್ತು. ಮೈಮುರಿದು ದುಡಿಯುವವರಿಗೆ ಹೊಸದೇನನ್ನೂ ವಿಧಿಸದೆ, ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸಿರೆಂದು ಹೇಳಲಾಯಿತು.